ಕೊಪಣನಾಡಿನ ಸಂಶೋಧನೆಯೂ ಅದರ ಸೂಚಿಪತ್ರವೂ

ಕವಿರಾಜಮಾರ್ಗವು ಕನ್ನಡದ ತಿರುಳುನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಒಂಬತ್ತನೆಯ ಶತಮಾನದಲ್ಲಿಯೇ ಇಷ್ಟು ಪ್ರಸಿದ್ಧಿಯನ್ನು ಪಡೆದಿದ್ದ ಈ ಸ್ಥಳದ ಚರಿತ್ರೆಯನ್ನು ಅರಿಯಬೇಕೆಂಬ ಜಿಜ್ಞಾಸುವು ಇಂದು ಎಲ್ಲಿಗೆ ಹೋಗಬೇಕು? ಗುಡ್ಡದ ಮೇಲಣ ಕಲ್ಲುಬರಹವು ಕಣ್ಣಿಗೆ ಕಾಣುತ್ತದೆ. ಆದರೆ ಆ ಬರಹವನ್ನು ಓದಿ ಅರ್ಥವಿಸಿದ ಪಂಡಿತರ ಗ್ರಂಥವು ಅಷ್ಟು ಸುಲಭವಾಗಿ ಕೈಗೆ ಸಿಕ್ಕದು. ಅದು ಹೈದರಾಬಾದಿನಲ್ಲಿ ಇರಬಹುದು, ಧಾರವಾಡದಲ್ಲಿ ಇರಬಹುದು, ಸೊಲ್ಲಾಪುರದಲ್ಲಿ ಅಚ್ಚಾಗಿರಬಹುದು. ಎಲ್ಲಿದೆಯೆಂಬುದನ್ನು ತಿಳಿಸತಕ್ಕದ್ದು ಸೂಚಿಪತ್ರವೊಂದೇ. ವಿಶ್ವವಿದ್ಯಾನಿಲಯಗಳು ತಮ್ಮಲ್ಲಿ ವರ್ಷವರ್ಷವೂ ಹುಟ್ಟುವ ಸಂಶೋಧನ ಗ್ರಂಥಗಳನ್ನೂ ಮಹಾಪ್ರಬಂಧಗಳನ್ನೂ ಕ್ರಮವಾಗಿ ಪಟ್ಟಿಮಾಡಬೇಕೆಂಬ ವಿಚಾರವು ಈ ಕಾರಣದಿಂದಲೇ ಮಹತ್ವದ್ದಾಗಿದೆ.

ಪಶ್ಚಿಮದ ದೇಶಗಳು ಈ ಕಾರ್ಯವನ್ನು ಬಹುಕಾಲದ ಹಿಂದೆಯೇ ಕೈಕೊಂಡವು. ಫ್ರಾನ್ಸಿನ ವಿದ್ಯಾಶಾಖೆಯು 1884-85ನೆಯ ವರ್ಷದಿಂದ ಅಲ್ಲಿಯ ಮಹಾಪ್ರಬಂಧಗಳ ವಾರ್ಷಿಕ ಸೂಚಿಯನ್ನು ಹೊರಡಿಸತೊಡಗಿತು. ಜರ್ಮನಿಯಲ್ಲಿಯೂ 1885ರಿಂದ ಇಂಥದೇ ಪಟ್ಟಿಯು ಆರಂಭವಾಯಿತು. ಅಲ್ಲಿ ಪ್ರಬಂಧಗಳನ್ನು ಅಚ್ಚುಮಾಡಿಸಿ ಪುಸ್ತಕಭಾಂಡಾರಗಳು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದುದರಿಂದ ಪಟ್ಟಿಯಿಲ್ಲದೆ ಕೆಲಸ ಸಾಗುವಂತಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಪುಸ್ತಕಭಾಂಡಾರವು 1912ರಲ್ಲಿ ಮುದ್ರಿತವಾದ ಪ್ರಬಂಧಗಳಿಂದ ತನ್ನ ಪಟ್ಟಿಯನ್ನು ಮೊದಲುಮಾಡಿತು. ನಮ್ಮ ದೇಶದಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು 1857ರಲ್ಲಿಯೇ ಸ್ಥಾಪಿತವಾದರೂ, ಅಂತರವಿಶ್ವವಿದ್ಯಾನಿಲಯ ಮಂಡಲಿಯು ಹುಟ್ಟಿದುದು 1925ರಲ್ಲಿ. 1857ರಿಂದ 1970ರ ವರೆಗಿನ ಭಾರತೀಯ ಮಹಾಪ್ರಬಂಧಗಳ ಸೂಚಿಯು ಸಂಪುಟಗಳಾಗಿ ಹೊರಬಂದುದು ಆ ಬಳಿಕವೇ.

ಇನ್ನು ಕೊಪ್ಪಳದ ಕಡೆಗೆ ತಿರುಗೋಣ. 1914ರಲ್ಲಿ ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಶಾಖೆಯು ಸ್ಥಾಪಿತವಾಯಿತು. ಮರುವರ್ಷ ಮಸ್ಕಿಯಲ್ಲಿ ಅಶೋಕನ ಹೆಸರನ್ನುಳ್ಳ ಶಾಸನವು ಬೆಳಕಿಗೆ ಬರಲು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು; ಅದೇ ಆ ಶಾಖೆಯ ಗ್ರಂಥಮಾಲೆಯ ಮೊದಲನೆಯ ಪುಸ್ತಕ. 1931ರಲ್ಲಿ ಎನ್. ಬಿ. ಶಾಸ್ತ್ರಿಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಲಂಡನ್ ವಿಶ್ವವಿದ್ಯಾನಿಲಯದ ಸಂಸ್ಕೃತ ಪ್ರಾಧ್ಯಾಪಕ ಆರ್. ಎಲ್. ಟರ್ನರರು 1932ರಲ್ಲಿ ಅವನ್ನು ಪ್ರಕಟಿಸಿದರು. ಅದು ಮಾಲೆಯ ಹತ್ತನೆಯದು. 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರ ಕೊಪ್ಪಳದ ಕನ್ನಡ ಶಾಸನಗಳ ಸಂಗ್ರಹವು ಹನ್ನೆರಡನೆಯದಾಗಿ ಹೊರಬಿದ್ದಿತು. ಈ ಪುಸ್ತಕಗಳೆಲ್ಲವೂ ಇಂಗ್ಲಿಷಿನಲ್ಲಿದ್ದವು. ಆದರೂ ಒಂದೊಂದಕ್ಕೂ ಕ್ರಮಾಂಕವಿದ್ದುದರಿಂದ, ಸಂಸ್ಥಾನವೇ ಅಳಿದರೂ ಅವನ್ನು ಇಂದಿಗೂ ಹುಡುಕಿ ತೆಗೆಯುವುದು ಸಾಧ್ಯವಾಗಿದೆ. ಹನ್ನೆರಡನೆಯದನ್ನು ಕಂಡವನು ಹನ್ನೊಂದನೆಯದು ಯಾವುದೆಂದು ಕೇಳಿಯೇ ಕೇಳುತ್ತಾನೆ.

ಕ್ರಮಾಂಕವಿಲ್ಲದ ಬರಹಗಳ ಗತಿ ಬೇರೆ. ಈ ನಾಡಿನ ವಿಷಯದಲ್ಲಿ ಎರಡು ತೊಡಕುಗಳು ವಿಶೇಷವಾಗಿವೆ. ಮೊದಲನೆಯದು ಹೆಸರಿನ ತೊಡಕು. ಕೊಪಣವು ಕೊಪ್ಪಳವಾಯಿತು, ಇಂಗ್ಲಿಷ್ ದಫ್ತರಗಳಲ್ಲಿ ಅದೇ ‘ಕೊಪ್ಬಲ್’ ಆಯಿತು. ಸಿಂದ ಅರಸರ ರಾಜಧಾನಿ ಎರಂಬರಗೆಯೇ ಇಂದಿನ ಯಲಬುರ್ಗಾ. ಫ್ಲೀಟ್ ಸಾಹೇಬನು ಬರೆದ ಸಿಂದವಂಶದ ಚರಿತ್ರೆಯನ್ನು ಇಂದಿನ ಹೆಸರನ್ನಷ್ಟೇ ಬಲ್ಲವನು ಹೇಗೆ ಹುಡುಕಿಯಾನು? ಎರಡನೆಯದು ಆಡಳಿತದ ತೊಡಕು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ಗಂಗಾವತಿ, ಕುಷ್ಟಗಿಗಳು ಲಿಂಗಸೂಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆಯು ರದ್ದಾಗಲು ರಾಯಚೂರಿಗೆ ಸೇರಿದವು. 1948ರಲ್ಲಿ ನಿಜಾಮರ ಆಳಿಕೆ ಮುಗಿಯಿತು; 1956ರಲ್ಲಿ ಕನ್ನಡನಾಡು ಒಂದಾಯಿತು; 1997ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಯಿತು. ಒಂದೇ ಊರಿನ ಚರಿತ್ರೆಯು ಹೀಗೆ ಮೂರು ಜಿಲ್ಲೆಗಳ ಹೆಸರಿನಲ್ಲಿ ಚೆದರಿದೆ.

ವಿಶ್ವವಿದ್ಯಾನಿಲಯಗಳ ಪರಂಪರೆಯೂ ಹೀಗೆಯೇ. 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯು ಉರ್ದುವಿನಲ್ಲಿ ನಡೆಯುತ್ತಿದ್ದಿತು. ಏಕೀಕರಣದ ತರುವಾಯ ಈ ಸೀಮೆಯ ವಿದ್ಯಾರ್ಥಿಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ, 1980ರಿಂದ ಗುಲಬರ್ಗಾ ವಿಶ್ವವಿದ್ಯಾನಿಲಯವೂ, 2010ರಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವೂ ಆಶ್ರಯವಾದುವು. ಇವಲ್ಲದೆ 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ಸಂಶೋಧನೆಗಾಗಿಯೇ ಹುಟ್ಟಿ, ಕೊಪ್ಪಳ ಜಿಲ್ಲೆಯ ಶಾಸನಗಳನ್ನೂ ಸಂಪುಟವಾಗಿ ಪ್ರಕಟಿಸಿದೆ. ಆದಕಾರಣ ಇಟಗಿಯ ಮಹಾದೇವ ದೇವಾಲಯವನ್ನಾಗಲಿ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನಾಗಲಿ, ಆನೆಗೊಂದಿಯನ್ನಾಗಲಿ ಕುರಿತು ಅಧ್ಯಯನಮಾಡಲು ಹೊರಟವನು ಒಂದೇ ಭಂಡಾರವನ್ನು ನೋಡಿ ತೃಪ್ತನಾಗುವಂತಿಲ್ಲ.

ಅಚ್ಚಾದ ಮಹಾಪ್ರಬಂಧವು ಹೇಗೋ ಉಳಿಯುತ್ತದೆ. ಲಂಡನ್ನಿನಲ್ಲಿ ಡಾಕ್ಟರ್ ಪದವಿಗಾಗಿ ಎ. ಎನ್. ನರಸಿಂಹಯ್ಯನವರು ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ಕುರಿತು ಬರೆದ ಪ್ರಬಂಧವನ್ನು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿತು. ಜಿ. ಎಸ್. ಗಾಯಿಯವರ ಹಳಗನ್ನಡದ ಚಾರಿತ್ರಿಕ ವ್ಯಾಕರಣವು 1946ರಲ್ಲಿ ಪುಣೆಯಿಂದ ಹೊರಟಿತು. ಇವನ್ನು ಇಂದಿಗೂ ವಿದ್ವಾಂಸರು ಉದಾಹರಿಸುತ್ತಾರೆ. ಬೆರಳಚ್ಚಿನ ಎರಡು ಮೂರು ಪ್ರತಿಗಳಲ್ಲಿಯೇ ಉಳಿದ ಪ್ರಬಂಧಕ್ಕೆ ಈ ಭಾಗ್ಯವಿಲ್ಲ. ಅದು ಕಪಾಟಿನಲ್ಲಿದೆಯೆಂಬುದು ತಿಳಿಯದೆ ಮತ್ತೊಬ್ಬನು ಅದೇ ವಿಷಯವನ್ನೆತ್ತಿಕೊಂಡು, ಅದೇ ಬೆಟ್ಟವನ್ನೇರಿ, ಅವೇ ಶಾಸನಗಳ ಪ್ರತಿಯನ್ನು ತೆಗೆದುಕೊಂಡು ವರ್ಷಗಳನ್ನು ಕಳೆಯಬಹುದು. ಮೊದಲನೆಯವನ ಶ್ರಮವೂ ಎರಡನೆಯವನ ಆಯುಸ್ಸೂ ಹೀಗೆ ವ್ಯರ್ಥವಾಗುತ್ತವೆ.

2009ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ನಿಯಮ ಮಾಡಿದ ಮೇಲೆ, ಗಾಂಧೀನಗರದಿಂದ ನಡೆಯುವ ‘ಶೋಧಗಂಗಾ’ ಭಂಡಾರವು ಬೆಳೆಯಿತು. ಇದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರವು ಅಕ್ಷರವನ್ನು ನೋಡುತ್ತದೆಯೇ ಹೊರತು ಅರ್ಥವನ್ನಲ್ಲ. ಕನ್ನಡ ಪ್ರಬಂಧದ ಹೆಸರನ್ನು ಒಬ್ಬರು ಕನ್ನಡ ಲಿಪಿಯಲ್ಲಿಯೂ ಇನ್ನೊಬ್ಬರು ರೋಮನ್ ಲಿಪಿಯಲ್ಲಿ ತಮಗೆ ತೋಚಿದಂತೆಯೂ ಬರೆದರೆ, ಇದ್ದ ಗ್ರಂಥವೂ ಇಲ್ಲದಂತಾಗುತ್ತದೆ.

ಆದುದರಿಂದ ವಾರ್ಷಿಕ ಸೂಚಿಯಲ್ಲಿ ಕೆಲವು ಸಂಗತಿಗಳು ತಪ್ಪದೆ ಇರಬೇಕು: ಬರೆದವರ ಮತ್ತು ಮಾರ್ಗದರ್ಶಕರ ಹೆಸರು, ಮೂಲಲಿಪಿಯಲ್ಲಿ ಗ್ರಂಥದ ಹೆಸರು, ಭಾಷೆ, ಪದವಿ ದೊರೆತ ವರ್ಷ, ಪುಟಸಂಖ್ಯೆ, ಭಂಡಾರದ ಕ್ರಮಾಂಕ, ಮುಂದೆ ಅಚ್ಚಾದುದಾದರೆ ಅದರ ವಿವರ. ಪದವೀದಾನದ ಪಟ್ಟಿಯನ್ನೂ ಭಂಡಾರದ ದಾಖಲೆಯನ್ನೂ ವರ್ಷಾಂತ್ಯದಲ್ಲಿ ತಾಳೆನೋಡಿದರೆ ಬಿಟ್ಟುಹೋದವು ಕಂಡುಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಸ್ಥಳಸೂಚಿ. ಅದರಲ್ಲಿ ಎರಂಬರಗೆಯೆಂದು ನೋಡಿದವನು ಯಲಬುರ್ಗಾಕ್ಕೂ, ಕೊಪಣವೆಂದು ನೋಡಿದವನು ಕೊಪ್ಪಳಕ್ಕೂ ತಲುಪುವಂತಿರಬೇಕು.

ಈ ಮಾತು ಕೊಪ್ಪಳಕ್ಕೆ ಈಗ ಹೆಚ್ಚಾಗಿ ಸಲ್ಲುತ್ತದೆ. 2022ರ ಶಾಸನತಿದ್ದುಪಡಿಯಿಂದ ಈ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾನಿಲಯವು ಲಭಿಸಿ, ಯಲಬುರ್ಗಾ ಸೀಮೆಯ ತಳಕಲ್ಲಿನಲ್ಲಿ ಕಾರ್ಯಾರಂಭವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಕೆಲವನ್ನು ಮುಚ್ಚುವ ಅಥವಾ ಹಳೆಯವುಗಳಲ್ಲಿ ವಿಲೀನಗೊಳಿಸುವ ಪ್ರಸ್ತಾಪವು ಬಂದಾಗ ಇದರ ಹೆಸರೂ ಕೇಳಿಬಂದಿತು. ಜಹಗೀರು, ಸಂಸ್ಥಾನ, ಜಿಲ್ಲೆಗಳೆಲ್ಲ ಬದಲಾದುದನ್ನು ಕಂಡ ಈ ನಾಡಿಗೆ ಇಂಥ ಅಸ್ಥಿರತೆಯು ಹೊಸದಲ್ಲ. ವಿದ್ಯಾಸಂಸ್ಥೆಯು ಯಾರ ಆಡಳಿತಕ್ಕೊಳಪಟ್ಟರೂ, ಮೊದಲನೆಯ ವರ್ಷದಿಂದಲೇ ಅದರ ಸೂಚಿಪತ್ರವು ಅಚ್ಚಾಗಿ ಏಳೂ ತಾಲೂಕುಗಳ ಪುಸ್ತಕಭಾಂಡಾರಗಳಲ್ಲಿ ಇಡಲ್ಪಟ್ಟರೆ, ಮುಂದಣ ಪೀಳಿಗೆಯ ವಿದ್ಯಾರ್ಥಿಯು ತನ್ನ ಊರಿನ ಚರಿತ್ರೆಗಾಗಿ ದೂರದ ಪಟ್ಟಣಗಳಲ್ಲಿ ಅಲೆಯಬೇಕಾಗಲಾರದು.