ವೈದ್ಯನೂ ಒಂದು ಮದ್ದು

ವೈದ್ಯವಿದ್ಯೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ರೋಗಗಳ ಚರಿತ್ರೆಯನ್ನೂ ಔಷಧಗಳ ಚರಿತ್ರೆಯನ್ನೂ ಬರೆದಿದ್ದಾರೆ. ಸಿಡುಬು ಹೇಗೆ ಅಳಿಯಿತು, ಪೆನಿಸಿಲಿನ್ ಹೇಗೆ ದೊರೆಯಿತು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬೆಳಗಿನಿಂದ ಬೈಗಿನವರೆಗೆ ಪರರ ನೋವನ್ನು ಕೇಳುತ್ತ ಕುಳಿತ ವೈದ್ಯನ ಮನಸ್ಸಿಗೆ ಏನಾಗುತ್ತದೆ, ಆ ಮನಸ್ಸಿನ ಸಂಸ್ಕಾರಕ್ಕಾಗಿ ವೈದ್ಯಶಿಕ್ಷಣವು ಏನು ಮಾಡಿತು ಎಂಬ ಪ್ರಶ್ನೆಗೆ ಚರಿತ್ರಕಾರರು ಕೊಟ್ಟ ಪುಟಗಳು ತೀರ ಕಡಿಮೆ. ಇದೇ ಪ್ರಶ್ನೆಯನ್ನೆತ್ತಿಕೊಂಡು ಇಪ್ಪತ್ತನೆಯ ಶತಮಾನದ ನಡುವೆ ಲಂಡನ್ ನಗರದಲ್ಲಿ ನಡೆದ ಒಂದು ಪ್ರಯೋಗವನ್ನು ಓದುಗರ ಮುಂದಿಡಬಯಸುತ್ತೇವೆ. ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ, ಇಂದು ಊರೂರುಗಳಲ್ಲಿ ವೈದ್ಯರಾಗಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂಬುದು ನಮ್ಮ ಅಪೇಕ್ಷೆ.

1948ನೆಯ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಿತು. ಬಡವ ಬಲ್ಲಿದನೆನ್ನದೆ ಪ್ರತಿಯೊಬ್ಬನೂ ತನ್ನ ಬಡಾವಣೆಯ ಒಬ್ಬ ವೈದ್ಯನಲ್ಲಿ ಹೆಸರು ನೋಂದಾಯಿಸಿ, ಹಣ ಕೊಡದೆ ಚಿಕಿತ್ಸೆ ಪಡೆಯಬಹುದಾಯಿತು. ವ್ಯವಸ್ಥೆ ಘನವಾದುದು, ಆದರೆ ಅದರ ಭಾರವೆಲ್ಲ ಸಾಮಾನ್ಯ ವೈದ್ಯನ ಹೆಗಲ ಮೇಲೆ ಬಿದ್ದಿತು. ಆಸ್ಟ್ರೇಲಿಯದಿಂದ ಬಂದ ಜೋಸೆಫ್ ಕಾಲಿಂಗ್ಸ್ ಎಂಬ ವೈದ್ಯನು ಇಂಗ್ಲೆಂಡಿನ 55 ಚಿಕಿತ್ಸಾಲಯಗಳನ್ನು ಕಣ್ಣಾರೆ ಕಂಡು, 1950ರ ಮಾರ್ಚಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯೊಂದನ್ನು ಪ್ರಕಟಿಸಿದನು. ಇಕ್ಕಟ್ಟಾದ ಕೋಣೆಗಳು, ಸಾಲದ ಉಪಕರಣಗಳು, ಅವಸರದ ತಪಾಸಣೆ, ಉತ್ಸಾಹ ಬತ್ತಿದ ವೈದ್ಯರು: ಆ ವರದಿಯ ಚಿತ್ರ ಇಂಥದು. ವೃತ್ತಿಬಾಂಧವರು ಸಿಟ್ಟಾದರು. 1952ರಲ್ಲಿ ಸಾಮಾನ್ಯ ವೈದ್ಯರ ಕಾಲೇಜು ಸ್ಥಾಪಿತವಾದುದು ಈ ಕೋಲಾಹಲದ ಬೆನ್ನಿನಲ್ಲಿಯೇ. ಯಾರ್ಕ್‌ಷೈರಿನ ಐಸ್‌ಗಾರ್ತ್ ಎಂಬ ಹಳ್ಳಿಯಲ್ಲಿ ಬಾಳನ್ನೆಲ್ಲ ಸವೆಸಿ, ಸುತ್ತಣ ಊರುಗಳ ಸಾಂಕ್ರಾಮಿಕ ರೋಗಗಳನ್ನು ಪಟ್ಟಿಮಾಡಿ 1939ರಲ್ಲಿ ಗ್ರಂಥ ಬರೆದ ವಿಲಿಯಂ ಪಿಕಲ್ಸ್ ಅದರ ಮೊದಲ ಅಧ್ಯಕ್ಷರಾದರು. ಆದರೂ ತಾತ್ಸಾರ ಹೋಗಲಿಲ್ಲ. 1958ರಲ್ಲಿ ರಾಯಲ್ ಆಯೋಗವೊಂದರ ಮುಂದೆ ಸಾಕ್ಷ್ಯ ನುಡಿದ ಲಾರ್ಡ್ ಮೋರನ್, ತಜ್ಞನಾಗುವ ಏಣಿಯಿಂದ ಜಾರಿದವರೇ ಸಾಮಾನ್ಯ ವೈದ್ಯರಾಗುವರೆಂಬ ಅರ್ಥದ ಮಾತನ್ನಾಡಿದರು. ಚರ್ಚಿಲ್ಲರ ವೈದ್ಯರಾಗಿದ್ದವರ ಬಾಯಿಂದ ಬಂದ ಮಾತು ಇದು! ಹೀಗೆ ಹೊರೆಯೂ ಹೀನಾಯವೂ ಕೂಡಿಬಂದ ಕಾಲದಲ್ಲಿ ಸಾಮಾನ್ಯ ವೈದ್ಯನ ಮಾತನ್ನು ಕಿವಿಗೊಟ್ಟು ಕೇಳಲು ಮುಂದಾದವನು ಒಬ್ಬ ಪರದೇಶಿ.

ಮೈಕೇಲ್ ಬಾಲಿಂಟ್ ಹುಟ್ಟಿದುದು 1896ರಲ್ಲಿ, ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ. ತಂದೆ ಸಾಮಾನ್ಯ ವೈದ್ಯ. ಮಗ ವೈದ್ಯಶಾಸ್ತ್ರವನ್ನೋದಿ, ಫ್ರಾಯ್ಡನ ಆಪ್ತವರ್ಗದವನಾದ ಫೆರೆಂಜಿಯ ಬಳಿ ಮನೋವಿಶ್ಲೇಷಣೆಯನ್ನು ಕಲಿತನು. ಯಹೂದ್ಯ ಕುಲದವನಾದ ಅವನಿಗೆ ತಾಯ್ನಾಡಿನಲ್ಲಿ ನೆಲೆ ತಪ್ಪಿ, 1939ರಲ್ಲಿ ಪತ್ನಿ ಆಲಿಸಳೊಡನೆ ಮ್ಯಾಂಚೆಸ್ಟರಿಗೆ ಬಂದನು. ಅದೇ ವರ್ಷ ಆಲಿಸ್ ತೀರಿಕೊಂಡಳು. ಹಂಗೆರಿಯಲ್ಲಿ ಉಳಿದಿದ್ದ ತಂದೆತಾಯಿಗಳು ನಾಜಿಗಳ ಕೈಗೆ ಸಿಕ್ಕುವುದಕ್ಕಿಂತ ಸಾವೇ ಲೇಸೆಂದು ಪ್ರಾಣ ಬಿಟ್ಟರು. ದುಃಖವನ್ನು ಪುಸ್ತಕದಲ್ಲಿ ಓದಿ ತಿಳಿದ ಮನುಷ್ಯನಲ್ಲ ಈತ. ಯುದ್ಧಾನಂತರ ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯವನ್ನು ಸೇರಿದಾಗ, ಅಲ್ಲಿ ಸಂಸಾರಗಳ ಒಡಕನ್ನು ಕುರಿತು ಸಮಾಜಸೇವಕರೊಡನೆ ಚರ್ಚಾಗೋಷ್ಠಿಗಳನ್ನು ನಡೆಸುತ್ತಿದ್ದ ಎನಿಡ್ ಎಂಬ ವಿದುಷಿಯ ಪರಿಚಯವಾಯಿತು. ಮುಂದೆ 1953ರಲ್ಲಿ ಅವರು ವಿವಾಹವಾದರು. ಗೋಷ್ಠಿಯ ಪದ್ಧತಿಯಲ್ಲಿ ಎನಿಡ್ ಅವರ ಪಾಲು ದೊಡ್ಡದು; ಹೆಸರು ಮಾತ್ರ ಬಹಳ ಮಟ್ಟಿಗೆ ಗಂಡನಿಗೆ ಸಂದಿತು.

1950ರಲ್ಲಿ ಸಾಮಾನ್ಯ ವೈದ್ಯರ ಒಂದು ಸಣ್ಣ ಗುಂಪು ವಾರಕ್ಕೊಮ್ಮೆ ಬಾಲಿಂಟನ ಬಳಿ ಸೇರತೊಡಗಿತು. ಅಲ್ಲಿ ಉಪನ್ಯಾಸವಿಲ್ಲ, ಪಠ್ಯವಿಲ್ಲ. ವೈದ್ಯನೊಬ್ಬನು ತನ್ನನ್ನು ಕಾಡಿದ ರೋಗಿಯೊಬ್ಬನ ವಿಷಯವನ್ನು ಹೇಳಬೇಕು. ಅದೂ ಕಾಗದ ಪತ್ರ ನೋಡದೆ, ನೆನಪಿನಿಂದಲೇ. ಏನನ್ನು ಮರೆತನು, ಯಾವುದನ್ನು ಎರಡು ಸಲ ಹೇಳಿದನು, ಎಲ್ಲಿ ದನಿ ಏರಿತು ಎಂಬುದನ್ನೆಲ್ಲ ಉಳಿದವರು ಗಮನಿಸುವರು. ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣದಿದ್ದರೂ ವಾರವಾರವೂ ತಲೆನೋವೆಂದು ಬಂದು ಕೂಡುವ ಹೆಂಗಸಿನ ಮೇಲೆ ವೈದ್ಯನಿಗೆ ರೇಗುತ್ತದೆಂದು ಇಟ್ಟುಕೊಳ್ಳೋಣ. ಆ ಸಿಟ್ಟನ್ನು ನುಂಗಿಕೊಳ್ಳಬೇಕೆಂದೇ ಅದುವರೆಗಿನ ಶಿಕ್ಷಣ ಕಲಿಸಿತ್ತು. ಬಾಲಿಂಟನಾದರೋ, ವೈದ್ಯನಲ್ಲಿ ಹುಟ್ಟಿದ ಆ ಭಾವವನ್ನು ರೋಗಿಯ ಕಾಯಿಲೆಯದೇ ಒಂದು ಲಕ್ಷಣವೆಂದು ತಿಳಿದು ಪರಿಶೀಲಿಸಿರೆಂದನು. ಆಕೆ ಮನೆಯಲ್ಲಿಯೂ ಹೀಗೆಯೇ ಎಲ್ಲರ ಸಿಟ್ಟಿಗೆ ಗುರಿಯಾಗಿ ಒಂಟಿಯಾಗಿರಬಹುದಲ್ಲವೆ?

ಈ ಗೋಷ್ಠಿಗಳ ಫಲವಾಗಿ 1957ರಲ್ಲಿ ಹೊರಬಂದ ಬಾಲಿಂಟನ ಗ್ರಂಥವು ವೈದ್ಯ, ಅವನ ರೋಗಿ ಮತ್ತು ರೋಗ ಈ ಮೂರರ ಸಂಬಂಧವನ್ನು ಕುರಿತದ್ದು. ಅದರ ಮುಖ್ಯ ಸಿದ್ಧಾಂತ ಇಷ್ಟು: ಸಾಮಾನ್ಯ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಮದ್ದು ಸ್ವತಃ ವೈದ್ಯನೇ, ಆದರೆ ಆ ಮದ್ದಿನ ಪ್ರಮಾಣವೆಷ್ಟು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ಅದರಿಂದಾಗುವ ಅಪಾಯಗಳೇನು ಎಂಬುದನ್ನು ಯಾವ ಔಷಧಶಾಸ್ತ್ರವೂ ಹೇಳುವುದಿಲ್ಲ. ಇನ್ನೂ ಎರಡು ವಿಚಾರಗಳು ನೆನಪಿಡತಕ್ಕವು. ರೋಗಿಯು ಒಬ್ಬ ತಜ್ಞನಿಂದ ಮತ್ತೊಬ್ಬ ತಜ್ಞನ ಬಳಿಗೆ ಅಲೆಯುತ್ತಾನೆ. ಪ್ರತಿಯೊಬ್ಬನೂ ತನ್ನ ಭಾಗದಲ್ಲಿ ದೋಷವಿಲ್ಲವೆಂದು ಬರೆದುಕೊಡುತ್ತಾನೆ. ಕೊನೆಗೆ ಇಡೀ ಮನುಷ್ಯನಿಗೆ ಹೊಣೆಗಾರನಾರೂ ಉಳಿಯುವುದಿಲ್ಲ. ಹೆಸರಿಲ್ಲದವರ ಒಳಸಂಚೆಂದು ಬಾಲಿಂಟ್ ಇದನ್ನು ಕರೆದನು. ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಕಡತ ಹಿಡಿದು ಅಲೆದ ನಮ್ಮ ಭಕ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು, ರೋಗಿ ಎಂಬವನು ಹೇಗೆ ನಡೆದುಕೊಳ್ಳಬೇಕು, ಎಷ್ಟು ಸಹಿಸಬೇಕು ಎಂಬ ಬಗ್ಗೆ ಪ್ರತಿ ವೈದ್ಯನಲ್ಲಿಯೂ ಒಂದು ಗಟ್ಟಿ ನಂಬಿಕೆಯಿರುತ್ತದೆ. ತನಗರಿವಿಲ್ಲದೆಯೇ ಅವನು ರೋಗಿಗಳನ್ನು ಆ ಮತಕ್ಕೆ ಸೇರಿಸಲು ಹವಣಿಸುತ್ತಾನೆ. ಉಪದೇಶವೇ ವೃತ್ತಿಯಾದ ನಾವು ಈ ಭಾಗವನ್ನು ಓದುವಾಗ ನಗದೆ ಇರಲಾಗಲಿಲ್ಲ.

ಬಾಲಿಂಟನ ಪದ್ಧತಿಯಲ್ಲಿ ಕೊರತೆಗಳೂ ಇದ್ದವು. ದೀರ್ಘ ಸಂದರ್ಶನಗಳಿಗೆ ಮೊದಮೊದಲು ಆತನು ಕೊಟ್ಟ ಮಹತ್ವವು ಹೊರಗೆ ಸಾಲುಗಟ್ಟಿ ಕಾದಿರುವ ಜನರ ಮುಂದೆ ನಡೆಯುವ ಮಾತಾಗಿರಲಿಲ್ಲ. ಇದನ್ನು ಆ ಬಳಗವೇ ಅರಿತು ಪದ್ಧತಿಯನ್ನು ತಿದ್ದಿಕೊಂಡಿತು. ಬಾಲಿಂಟ್ 1970ರ ಡಿಸೆಂಬರ್ 31ರಂದು ನಿಧನನಾದ ಮೇಲೆ, 1973ರಲ್ಲಿ ಎನಿಡ್ ಮತ್ತು ನಾರೆಲ್ ಸಂಪಾದಿಸಿ ಹೊರತಂದ ಗ್ರಂಥದ ಹೆಸರಿನಲ್ಲಿಯೇ ರೋಗಿಗೆ ಸಿಗುವ ಆರು ನಿಮಿಷಗಳ ಪ್ರಸ್ತಾಪವಿದೆ.

ಇತ್ತ ಶಿಕ್ಷಣಕ್ರಮವೂ ಬದಲಾಯಿತು. ಸಾಮಾನ್ಯ ಚಿಕಿತ್ಸೆಗೂ ಪದವಿಯ ನಂತರ ಪ್ರತ್ಯೇಕ ಶಿಕ್ಷಣ ಬೇಕೆಂದು 1968ರಲ್ಲಿ ಟಾಡ್ ಆಯೋಗವು ಶಿಫಾರಸು ಮಾಡಿತು, 1976ರಲ್ಲಿ ಶಾಸನವಾಯಿತು, 1982ರಿಂದ ಮೂರು ವರ್ಷಗಳ ತರಬೇತಿ ಕಡ್ಡಾಯವಾಯಿತು. ಏಣಿಯಿಂದ ಜಾರಿದವರೆಂಬ ಅಪವಾದಕ್ಕೆ ಇದು ಕಾನೂನಿನ ಉತ್ತರ.

ವೈದ್ಯನ ಬಳಲಿಕೆಯನ್ನೇ ಸಂಶೋಧನೆಯ ವಿಷಯವಾಗಿ ಮಾಡಿಕೊಂಡವರು ಅಮೆರಿಕದವರು. 1974ರಲ್ಲಿ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞನು ಉಚಿತ ಚಿಕಿತ್ಸಾಲಯದ ಸೇವಾಕರ್ತರಲ್ಲಿ ಕಂಡ ಸ್ಥಿತಿಗೆ, ದೀಪದ ಎಣ್ಣೆ ತೀರಿದಂತೆ ಉರಿದು ಬರಿದಾಗುವುದೆಂಬ ಅರ್ಥದಲ್ಲಿ 'ಬರ್ನ್‌ಔಟ್' ಎಂಬ ಪದವನ್ನು ಬಳಸಿದನು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಹೋದ್ಯೋಗಿ ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅಂದಿನಿಂದ ಮನೋಸ್ಥೈರ್ಯದ ಪಾಠಗಳು ಹುಟ್ಟಿಕೊಂಡವು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ 70 ಮಂದಿ ಪ್ರಾಥಮಿಕ ಚಿಕಿತ್ಸೆಯ ವೈದ್ಯರಿಗೆ ವರ್ಷದುದ್ದಕ್ಕೂ ಧ್ಯಾನ ಮತ್ತು ಸಂವಾದದ ಶಿಕ್ಷಣ ಕೊಟ್ಟಾಗ ಬಳಲಿಕೆ ತಗ್ಗಿ ಸಹಾನುಭೂತಿ ಹೆಚ್ಚಿತೆಂದು 2009ರಲ್ಲಿ ವರದಿಯಾಯಿತು. ಆದರೆ ಹೋಲಿಸಿ ನೋಡಲು ಬೇರೊಂದು ಗುಂಪನ್ನು ಇಟ್ಟಿರಲಿಲ್ಲ. ಬಾಲಿಂಟ್ ಗೋಷ್ಠಿಗಳಲ್ಲಿ ಭಾಗವಹಿಸಿದ ವೈದ್ಯರು ಕೆಲಸದಲ್ಲಿ ಹೆಚ್ಚು ತೃಪ್ತರೆಂದು 2004ರ ಸ್ವೀಡನ್ನಿನ ಅಧ್ಯಯನ ಹೇಳಿತು. ಅಂಥ ಸ್ವಭಾವದವರೇ ಗೋಷ್ಠಿಗೆ ಬಂದಿರಬಹುದೆಂಬ ಸಂದೇಹಕ್ಕೆ ಅಲ್ಲಿ ಎಡೆಯುಂಟು. ಇವೆರಡಕ್ಕಿಂತ ನಮಗೆ ಮುಖ್ಯವೆನಿಸುವುದು ಮೇಯೊ ಚಿಕಿತ್ಸಾಲಯದ 2014ರ ಪ್ರಯೋಗ. ಅಲ್ಲಿ 74 ವೈದ್ಯರನ್ನು ಚೀಟಿ ಎತ್ತಿದಂತೆ ಎರಡಾಗಿ ವಿಂಗಡಿಸಿ, ಒಂದು ಭಾಗದವರಿಗೆ ಎರಡು ವಾರಕ್ಕೊಮ್ಮೆ ಒಂದು ಗಂಟೆ ಕಾಲ, ಒಂಬತ್ತು ತಿಂಗಳು, ಕೂಡಿ ಮಾತನಾಡಲು ಏರ್ಪಾಡು ಮಾಡಿದರು. ಆ ಗಂಟೆಯ ವೆಚ್ಚವನ್ನು ಸಂಸ್ಥೆಯೇ ಭರಿಸಿತು. ಅವರಲ್ಲಿ ಕೆಲಸದ ಅಕ್ಕರೆ ಹೆಚ್ಚಿತು, ರೋಗಿಯನ್ನು ಜಡವಸ್ತುವಿನಂತೆ ಕಾಣುವ ಭಾವ ತಗ್ಗಿತು.

ಸಂಸ್ಥೆ ಭರಿಸಿತೆಂಬ ಮಾತನ್ನು ಒತ್ತಿ ಹೇಳುತ್ತೇವೆ. ಸ್ಥೈರ್ಯ ಕಲಿಯಿರೆಂದು ವೈದ್ಯನಿಗೆ ಬೋಧಿಸಿ, ಅವನ ಹೊರೆಯನ್ನು ಮಾತ್ರ ಹಾಗೆಯೇ ಉಳಿಸುವುದು ಆಡಳಿತಗಾರರಿಗೆ ಬಹು ಅಗ್ಗದ ದಾರಿ. ವೇಲ್ಸಿನ ಗ್ಲಿನ್‌ಕಾರಗ್ ಎಂಬ ಗಣಿ ಹಳ್ಳಿಯ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್, ಚಿಕಿತ್ಸೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಒಳ್ಳೆಯ ಚಿಕಿತ್ಸೆ ವಿರಳವೆಂಬ ನಿಯಮವನ್ನು 1971ರಲ್ಲಿಯೇ ಎತ್ತಿ ತೋರಿಸಿದ್ದರು. ಅಂಥ ಎಡೆಗಳಲ್ಲಿ ವೈದ್ಯ ಬಳಲಿದರೆ ಅದು ಅವನ ಮನಸ್ಸಿನ ದೌರ್ಬಲ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ವರ್ಗೀಕರಿಸಿತು.

ನಮ್ಮ ದೇಶದಲ್ಲಿ 1946ರ ಭೋರ್ ಸಮಿತಿಯು ಜನರ ನಡುವೆ ನಿಂತು ದುಡಿಯುವ ಸಾಮಾಜಿಕ ವೈದ್ಯನ ಕಲ್ಪನೆಯನ್ನು ಮುಂದಿಟ್ಟಿತು. ಅಂಥ ವೈದ್ಯನ ಮನಸ್ಸಿನ ಪೋಷಣೆಯ ಕಡೆಗೆ ಕಾಲೇಜುಗಳು ಬಹುಕಾಲ ತಿರುಗಿ ನೋಡಲಿಲ್ಲ. 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ವೈದ್ಯನ ಮನೋಭಾವ, ನೀತಿ, ಸಂವಾದಗಳಿಗೆಂದು ಒಂದು ಭಾಗವನ್ನು ಸೇರಿಸಿದುದು ಸಂತೋಷದ ವಿಷಯ. ಆದರೆ ಅದು ವಿದ್ಯಾರ್ಥಿಗೆ ಸಂದುದು. ಪದವಿ ಪಡೆದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬನೇ ಕುಳಿತವನಿಗೆ, ಎರಡು ವಾರಕ್ಕೊಮ್ಮೆ ತಾಲ್ಲೂಕಿನ ಇತರ ವೈದ್ಯರೊಡನೆ ಕುಳಿತು ತನ್ನನ್ನು ಕಾಡಿದ ಒಬ್ಬ ರೋಗಿಯ ಮಾತನ್ನಾಡಲು ಕೆಲಸದ ವೇಳೆಯಲ್ಲಿಯೇ ಒಂದು ಗಂಟೆಯನ್ನು ಯಾರು ಬಿಡಿಸಿಕೊಡಬೇಕು? ಇದಕ್ಕೆ ಕಟ್ಟಡವೂ ಬೇಡ, ಯಂತ್ರವೂ ಬೇಡ; ಎಂಟು ಹತ್ತು ಜನ ಕೂಡುವಷ್ಟು ಒಂದು ಕೋಣೆ ಮತ್ತು ಗೋಷ್ಠಿಯನ್ನು ನಡೆಸಬಲ್ಲ ಒಬ್ಬ ಹಿರಿಯ, ಇಷ್ಟಿದ್ದರೆ ಆರಂಭಿಸಬಹುದು.