ಪರದೆ ಕಪ್ಪಾದರೆ ತಪ್ಪು ಯಾರದು? ಗೇಮಿಂಗ್ ಲ್ಯಾಪ್‌ಟಾಪ್ ಗ್ರಾಫಿಕ್ಸ್‌ನ ಒಂದು ಸಣ್ಣ ಇತಿಹಾಸ

ಈ ವಾರದ ವಿಡಿಯೋ ನೋಡೋಕೆ ಆಗದವರಿಗಾಗಿ ಅದರ ಬರಹರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.

ಕಳೆದ ತಿಂಗಳು ಒಂದು ಭಾನುವಾರ, ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿಯಲ್ಲೇ ಇರುವ ಧಾರವಾಡದ ಕಾಕಾ ಒಬ್ಬರು ಗೇಮಿಂಗ್ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದರು. ಹಿಂದೆ ಅವರ ಮಗ ತಲೆ ತಗ್ಗಿಸಿ ನಿಂತಿದ್ದ, ಎಂಜಿನಿಯರಿಂಗ್ ಎರಡನೇ ವರ್ಷ. ಗೇಮ್ ಶುರು ಮಾಡಿದರೆ ಪರದೆ ಕಪ್ಪಾಗುತ್ತೆ, ಎರಡು ಮೂರು ಸೆಕೆಂಡಿಗೆ ವಾಪಸ್ ಬರುತ್ತೆ, ಮತ್ತೆ ಕಪ್ಪು. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು, 46,000 ರೂಪಾಯಿ ಅಂದಿದ್ದರಂತೆ.

"ಹಗಲೂ ರಾತ್ರಿ ಗೇಮ್ ಆಡಿ ಆಡಿ ಹಾಳ ಮಾಡ್ಯಾನ ನೋಡಪಾ," ಅಂದರು ಕಾಕಾ. ಹುಡುಗ ಬಾಯಿ ಬಿಡಲಿಲ್ಲ.

"ಆಡಿ ಹಾಳು ಮಾಡಿದ" ಅನ್ನೋ ಈ ಆರೋಪಕ್ಕೂ ಒಂದು ಇತಿಹಾಸ ಇದೆ. ಅದು ಗೊತ್ತಿದ್ದರೆ ಸಮಸ್ಯೆ ಎಲ್ಲಿದೆ ಅಂತ ಹುಡುಕೋದೂ ಸುಲಭ.

2008ರ ಜುಲೈಗೆ ಹೋಗೋಣ. ಲ್ಯಾಪ್‌ಟಾಪ್‌ಗಳಲ್ಲಿದ್ದ ತನ್ನ ಕೆಲವು ಹಳೆಯ ಚಿಪ್‌ಗಳು ಮಾಮೂಲಿಗಿಂತ ಹೆಚ್ಚಾಗಿ ಕೈಕೊಡುತ್ತಿವೆ ಅಂತ ಎನ್‌ವಿಡಿಯಾ ಒಪ್ಪಿಕೊಂಡಿತು. ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ಎತ್ತಿಡುವುದಾಗಿ ಹೇಳಿತು. ಕಾರಣಗಳ ಪಟ್ಟಿಯಲ್ಲಿ ಚಿಪ್ ಪ್ಯಾಕೇಜಿನ ದುರ್ಬಲ ವಸ್ತುವಿನ ಜೊತೆಗೆ, ಲ್ಯಾಪ್‌ಟಾಪ್ ತಯಾರಕರ ಕೂಲಿಂಗ್ ವಿನ್ಯಾಸವೂ ಇತ್ತು, ಗ್ರಾಹಕರು ಬಳಸುವ ರೀತಿಯೂ ಇತ್ತು! ಅಂದರೆ, ದುಡ್ಡು ಕೊಟ್ಟು ಕೊಂಡವನ ಪಾಲೂ ಇದೆ ಅಂತ.

ಆಗಿದ್ದೇನು? ಸಿಲಿಕಾನ್ ತುಣುಕನ್ನು ಅದರ ತಳಕ್ಕೆ ಜೋಡಿಸೋದು ಬೆಸುಗೆಯ ಪುಟ್ಟ ಪುಟ್ಟ ಉಬ್ಬುಗಳು. ಗೇಮ್ ಆಡಿದಾಗ ಚಿಪ್ ಕಾಯುತ್ತೆ, ನಿಲ್ಲಿಸಿದಾಗ ಆರುತ್ತೆ. ಕಾದಾಗ ಎರಡೂ ಒಂದೇ ಅಳತೆಯಲ್ಲಿ ಹಿಗ್ಗೋದಿಲ್ಲ, ಆ ಎಳೆದಾಟವೆಲ್ಲ ಬೆಸುಗೆಯ ಮೇಲೆ. ಸಾವಿರಾರು ಸಲ ಹೀಗೆ ಆದ ಮೇಲೆ ಬಿರುಕು ಬಿಡುತ್ತೆ. ಪರದೆ ಮೇಲೆ ಗೆರೆಗಳು, ಬಣ್ಣದ ಚೌಕಗಳು, ಕೊನೆಗೆ ಕತ್ತಲು. ಬರೀ ಬಿಸಿ ಅಲ್ಲ, ಬಿಸಿ ಮತ್ತು ತಂಪಿನ ನಡುವಿನ ಓಡಾಟವೇ ಇಲ್ಲಿ ವೈರಿ. ಡೆಲ್, ಎಚ್‌ಪಿ ಫ್ಯಾನ್ ಹೆಚ್ಚು ಹೊತ್ತು ತಿರುಗುವಂತೆ ಬಯೋಸ್ ಬದಲಿಸಿದ್ದು ಅದಕ್ಕೇ. ಆ್ಯಪಲ್ ಅದೇ ವರ್ಷ ಕೆಲವು ಮ್ಯಾಕ್‌ಬುಕ್ ಪ್ರೊಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಡುವುದಾಗಿ ಹೇಳಿತು. 2010ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಗ್ರಾಹಕರ ದಾವೆ ರಾಜಿಯಲ್ಲಿ ಮುಗಿಯಿತು.

ಅಂಗಡಿಗಳಲ್ಲಿ ಬಿಸಿಗಾಳಿ ಹೊಡೆದು ಚಿಪ್ "ರಿಪೇರಿ" ಮಾಡೋದು ಹಬ್ಬಿದ್ದೂ ಆ ಕಾಲದಲ್ಲೇ. ಬಿರುಕು ಬಿಟ್ಟ ಸಂಪರ್ಕ ಸ್ವಲ್ಪ ದಿನ ಕೂಡಿಕೊಳ್ಳುತ್ತೆ, ಮತ್ತೆ ಬಿಡುತ್ತೆ. ಅದು ರಿಪೇರಿ ಅಲ್ಲ, ಡೇಟಾ ಬ್ಯಾಕಪ್ ತೆಗೆದುಕೊಳ್ಳೋಕೆ ಸಿಕ್ಕ ವಾಯಿದೆ ಅಷ್ಟೆ.

ಆದರೆ ಕಪ್ಪಾದ ಪರದೆಗಳೆಲ್ಲ ಸತ್ತ ಚಿಪ್‌ಗಳಲ್ಲ. 2007ರಲ್ಲಿ ಅಂಗಡಿಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಟಿಡಿಆರ್ ಅನ್ನೋ ವ್ಯವಸ್ಥೆ ಸೇರಿತು. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡುತ್ತೆ. ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬರುತ್ತೆ. ಮೊದಲಾಗಿದ್ದರೆ ಇಡೀ ಕಂಪ್ಯೂಟರ್ ನೀಲಿ ಪರದೆಗೆ ಬೀಳುತ್ತಿತ್ತು. ಇನ್ನೊಂದು ಉಪಕಾರ ಏನಂದರೆ, ಈವೆಂಟ್ ವ್ಯೂವರ್‌ನಲ್ಲಿ 4101 ಅನ್ನೋ ನಂಬರಿನ ಕೆಳಗೆ ಯಾವ ಡ್ರೈವರ್ ಮುಗ್ಗರಿಸಿತು ಅಂತ ಹೆಸರು ಸಮೇತ ಬರೆದಿಡುತ್ತೆ.

ಮೂರನೇ ಅಧ್ಯಾಯ ಚಿತ್ರ ಸಾಗೋ ದಾರಿಯದ್ದು. 2006ರ ಸೋನಿ ವಾಯೊ ಎಸ್‌ಝಡ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದವು, ಬದಲಿಸೋಕೆ ಒಂದು ಸ್ವಿಚ್ ಇತ್ತು. ಸ್ವಿಚ್ ಒತ್ತಿ ರೀಸ್ಟಾರ್ಟ್ ಮಾಡಬೇಕಿತ್ತು. 2010ರ ಫೆಬ್ರುವರಿಯಲ್ಲಿ ಬಂದ ಎನ್‌ವಿಡಿಯಾ ಆಪ್ಟಿಮಸ್ ಈ ತಾಪತ್ರಯ ತೆಗೆಯಿತು. ದೊಡ್ಡ ಚಿಪ್ ಚಿತ್ರ ಬರೆದು, ಪ್ರೊಸೆಸರ್ ಜೊತೆಗಿರುವ ಸಣ್ಣ ಗ್ರಾಫಿಕ್ಸ್‌ನ ಮೆಮೊರಿಗೆ ಕಾಪಿ ಮಾಡುತ್ತೆ. ಪರದೆಗೆ ಕಳಿಸೋದು ಸಣ್ಣದೇ. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ: ಅಡುಗೆ ಮಾಡೋರು ಒಬ್ಬರು, ಬಡಿಸೋರು ಇನ್ನೊಬ್ಬರು.

ಬ್ಯಾಟರಿ ಉಳಿಯಿತು, ಗೊಂದಲ ಬೆಳೆಯಿತು. ಲಿನಕ್ಸ್‌ನಲ್ಲಿ ಆಪ್ಟಿಮಸ್‌ಗೆ ಬೆಂಬಲವೇ ಇರಲಿಲ್ಲ. ಆಸಕ್ತರೇ ಸೇರಿ ಬಂಬಲ್‌ಬೀ ಅನ್ನೋ ಪ್ರಾಜೆಕ್ಟ್ ಕಟ್ಟಿದರು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನ ಅಳಿಸುವ ಆದೇಶದಲ್ಲಿ ಒಂದೇ ಒಂದು ಸ್ಪೇಸ್ ಹೆಚ್ಚಾಗಿ, ಜನರ ಇಡೀ ಯುಎಸ್ಆರ್ ಡೈರೆಕ್ಟರಿ ಅಳಿಸಿಹೋಯಿತು. ಕೋಡ್ ರಿವ್ಯೂನಲ್ಲಿ ಸ್ಪೇಸ್ ಬಗ್ಗೆ ಯಾರಾದರೂ ಕಾಮೆಂಟ್ ಹಾಕಿದರೆ ಸಿಟ್ಟಾಗಬೇಡಿ!

ಇನ್ನು ವೇಗ ಬೇಕು ಅನ್ನೋ ಗೇಮರ್‌ಗಳಿಗೆ ಈ ಸುತ್ತುದಾರಿ ಹಿಡಿಸಲಿಲ್ಲ. ಹಾಗಾಗಿ ದೊಡ್ಡ ಚಿಪ್ಪನ್ನು ನೇರ ಪರದೆಗೆ ಜೋಡಿಸೋ ಮಕ್ಸ್ ಸ್ವಿಚ್ ಮತ್ತೆ ಬಂತು. 2020ರ ಅಡ್ವಾನ್ಸ್ಡ್ ಆಪ್ಟಿಮಸ್‌ನಲ್ಲಿ ರೀಸ್ಟಾರ್ಟ್ ಕೂಡ ಬೇಕಿಲ್ಲ.

ಈಗ ಕಾಕಾನ ಲ್ಯಾಪ್‌ಟಾಪ್‌ಗೆ ಬರೋಣ. ಅದರ ಎಚ್‌ಡಿಎಂಐ ದೊಡ್ಡ ಚಿಪ್‌ಗೇ ಜೋಡಿಸಿತ್ತು. ಟಿವಿಗೆ ಹಾಕಿ, ಟಿವಿಯಲ್ಲಿ ಮಾತ್ರ ತೋರಿಸು ಅಂತ ಮಾಡಿ ಗೇಮ್ ಓಡಿಸಿದೆವು. ಅರ್ಧ ಗಂಟೆ ಒಂದು ಮಿಣುಕೂ ಇಲ್ಲ. ಅಡುಗೆಯವರು ಸರಿಯಾಗಿದ್ದಾರೆ! ಆಮೇಲೆ ಬಯೋಸ್‌ಗೆ ಹೋಗಿ ದೊಡ್ಡ ಚಿಪ್ ಮಾತ್ರ ಅಂತ ಆಯ್ಕೆ ಮಾಡಿ, ಲ್ಯಾಪ್‌ಟಾಪಿನ ಪರದೆಯಲ್ಲೇ ಆಡಿಸಿದೆ. ಅಲ್ಲೂ ಸರಿ. ಅಲ್ಲಿಗೆ ಪರದೆ, ಅದರ ಕೇಬಲ್, ಚಿಪ್ ಮೂರೂ ಖುಲಾಸೆ. ಹಳೆಯ ಸೆಟ್ಟಿಂಗ್‌ಗೆ ಬಂದು 4101 ತೆಗೆದು ನೋಡಿದರೆ, ಪ್ರತಿ ಸಾಲಿನಲ್ಲೂ ಇದ್ದದ್ದು ಸಣ್ಣ ಗ್ರಾಫಿಕ್ಸ್‌ನ ಡ್ರೈವರ್ ಹೆಸರು. ಮೂರು ವಾರದಿಂದ ಎಲ್ಲರೂ ದೊಡ್ಡದರ ಡ್ರೈವರನ್ನೇ ತೆಗೆದು ಹಾಕಿ ಮಾಡುತ್ತಿದ್ದರು.

ಮೊದಲ ಸಾಲಿನ ತಾರೀಖು ವಿಂಡೋಸ್ ಅಪ್‌ಡೇಟ್ ಹೊಸ ಡ್ರೈವರ್ ಹಾಕಿದ ಮರುದಿನದ್ದು. ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಆ ಮಾಡೆಲ್‌ನ ಡ್ರೈವರ್ ತಂದು ಹಾಕಿದೆ. ಎರಡು ಗಂಟೆ ಆಡಿಸಿದರೂ ಪರದೆ ಕಪ್ಪಾಗಲಿಲ್ಲ. ಖರ್ಚು ಸೊನ್ನೆ.

ಟಿವಿಯಲ್ಲೂ ಗೆರೆ ಬಂದಿದ್ದರೆ, ವಿಂಡೋಸ್ ಶುರುವಾಗೋ ಮೊದಲೇ ಬಯೋಸ್ ಪರದೆಯಲ್ಲೂ ಚೌಕಗಳು ಕಂಡಿದ್ದರೆ, ನಾನೂ ಚಿಪ್ ಮೇಲೇ ಅನುಮಾನ ಪಡುತ್ತಿದ್ದೆ. ಮದರ್‌ಬೋರ್ಡಿಗೆ ದುಡ್ಡು ಕೊಡೋ ಮುಂಚೆ ಇಷ್ಟನ್ನಾದರೂ ನೀವೇ ನೋಡಿ.

ಕಾಕಾ ಚಹಾ ಕುಡಿದು ಏಳುವಾಗ ಮಗನ ಕಡೆ ತಿರುಗಿದರು. "ಮದಲ ಯಾಕ ಹೇಳಲಿಲ್ಲೋ?"

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಮೆಲ್ಲಗೆ ಅಂದ: "ಅಪ್‌ಡೇಟ್ ಆದಾಗಿಂದ ಹಿಂಗಾಗೇತಿ ಅಂತ ಮದಲ ದಿನಾನ ಹೇಳಿದ್ದೆ ಪಪ್ಪಾ."

ಯಾರೂ ಮಾತಾಡಲಿಲ್ಲ. ಕಾಕಾ ಲ್ಯಾಪ್‌ಟಾಪ್ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡರು. ನಾನು ಕೂಡ ಬಾಗಿಲು ತೆರೆದಾಗಿನಿಂದ ಕಾಕಾನ ಮಾತಷ್ಟೇ ಕೇಳಿಸಿಕೊಂಡು, ಟಿವಿ, ಬಯೋಸ್, ಲಾಗ್ ಅಂತ ಸುತ್ತಿ ಆ ತಾರೀಖಿಗೆ ಬಂದಿದ್ದೆ. "ಯಾವಾಗಿಂದ ಹೀಗೆ?" ಅಂತ ಹುಡುಗನನ್ನು ಕೇಳಿರಲೇ ಇಲ್ಲ.

ಮುಂದಿನ ವಾರ ಸಿಗೋಣ. ನಮಸ್ಕಾರ.