ವಕ್ರತಲದ ಆಂಟೆನಾ: ಒಂದು ಗಣಿತಮಾರ್ಗದ ಇತಿಹಾಸ

ವಿಮಾನ, ಕ್ಷಿಪಣಿ ಮೊದಲಾದವುಗಳ ಬಾಗಿದ ಮೈಗೆ ಹೊಂದಿಕೊಳ್ಳುವಂತೆ ಆಂಟೆನಾಗಳನ್ನು ರಚಿಸುವ ವಿದ್ಯೆಯು ಇತ್ತೀಚಿನದೆಂದು ತೋರುವುದು ಸಹಜ. ರಚನೆಯ ಮಟ್ಟಿಗೆ ಇದು ಸಲ್ಲಬಹುದು. ಗಣಿತದ ಮಟ್ಟಿಗೆ ಸಲ್ಲದು. ಆ ಗಣಿತದ ಮೂಲವು ಭೂಗೋಳದ ವಕ್ರತೆಯನ್ನು ಕುರಿತ ಪ್ರಶ್ನೆಯೊಂದರಲ್ಲಿದೆ.

1901ನೆಯ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಸುಮಾರು 3,400 ಕಿಲೋಮೀಟರ್ ದೂರದ ನ್ಯೂಫೌಂಡ್‌ಲೆಂಡಿಗೆ ನಿಸ್ತಂತು ಸಂಕೇತವು ಮುಟ್ಟಿತೆಂದು ಮಾರ್ಕೋನಿಯವರು ಸಾರಿದರು. ನೆಟ್ಟಗೆ ಸಾಗತಕ್ಕ ತರಂಗವು ಭೂಮಿಯ ಉಬ್ಬನ್ನು ದಾಟಿದ ಬಗೆ ಹೇಗೆ? ಗೋಲದ ಸುತ್ತಣ ತರಂಗವನ್ನು ಅನಂತಶ್ರೇಣಿಯಾಗಿ ಬರೆಯುವ ಕ್ರಮವು ತಿಳಿದೇ ಇದ್ದಿತು. ಆದರೆ ಪರಿಧಿಯಲ್ಲಿ ಎಷ್ಟು ತರಂಗದೈರ್ಘ್ಯಗಳು ಅಡಗುವುವೋ ಸುಮಾರು ಅಷ್ಟು ಪದಗಳನ್ನು ಕೂಡಿದಲ್ಲದೆ ಫಲವು ದೊರೆಯದು. ಭೂಮಿಯ ವಿಷಯದಲ್ಲಿ ಅದು ದುಸ್ಸಾಧ್ಯ. 1918ರಲ್ಲಿ ಜಿ. ಎನ್. ವಾಟ್ಸನ್ನರು ಆ ಶ್ರೇಣಿಯನ್ನು ಕೆಲವೇ ಪದಗಳಲ್ಲಿ ಫಲಕೊಡುವ ಬೇರೊಂದು ಶ್ರೇಣಿಯಾಗಿ ಮಾರ್ಪಡಿಸಿ, ಗೋಲದ ನೆರಳಿನಲ್ಲಿ ತರಂಗವು ಅತಿ ಬೇಗನೆ ಕ್ಷೀಣಿಸುವುದೆಂದು ತೋರಿಸಿದರು. ಬರಿಯ ಬಾಗುವಿಕೆಯಿಂದ ಸಾಗರವನ್ನು ದಾಟಲಾಗದು. ವಾಯುಮಂಡಲದ ಮೇಲಣ ವಿದ್ಯುದ್ವಾಹಕ ಸ್ತರವನ್ನು 1919ರಲ್ಲಿ ಅವರೇ ಸೇರಿಸಿ ಗಣಿಸಲು, ಫಲವು ಅನುಭವದೊಡನೆ ಹೊಂದಿತು.

ಭೂಮಿಯ ಸಮಸ್ಯೆಗೆ ಸಾಲದೆಹೋದ ಆ ಬಾಗುವಿಕೆಯೇ ವಿಮಾನದ ವಿಷಯದಲ್ಲಿ ಮುಖ್ಯವಾಯಿತು. 1943ರಲ್ಲಿ ಪಿ. ಎಸ್. ಕಾರ್ಟರರು ದುಂಡುಗಂಬದ ಸುತ್ತ ನಿಲ್ಲಿಸಿದ ಆಂಟೆನಾಗಳ ಪ್ರಸರಣವನ್ನು ಶ್ರೇಣಿಗಳಿಂದಲೇ ಗಣಿಸಿದರು. ಕಂಬವು ಸಣ್ಣದಾದರೆ ಇದು ಸುಲಭ. 2 ಮೀಟರ್ ವ್ಯಾಸದ ಕಂಬಕ್ಕೆ 3 ಸೆಂಟಿಮೀಟರಿನ ತರಂಗವಾದರೆ ಪರಿಧಿಯು 200 ತರಂಗದೈರ್ಘ್ಯಗಳನ್ನು ಮೀರುವುದು. ಹಳೆಯ ತೊಡಕೇ ಮರಳುವುದು. ಅದಕ್ಕೆ ಹಳೆಯ ಪರಿಹಾರವೇ ಒದಗಿತು. ವಾಟ್ಸನ್ನರ ಪದಗಳು ತಲವನ್ನು ಅಪ್ಪಿ ಹರಿಯುತ್ತ ಹೊರಕ್ಕೆ ಚೆಲ್ಲಿ ಕ್ಷಯಿಸುವ ತರಂಗಗಳೆಂದು 1952ರಲ್ಲಿ ಫ್ರಾಂಟ್ಸ್ ಮತ್ತು ಡೆಪ್ಪರ್‌ಮನ್ನರು ವಿವರಿಸಿ, ಅವನ್ನು ತೆವಳುವ ತರಂಗಗಳೆಂದು ಕರೆದರು. 1962ರಲ್ಲಿ ಜೋಸೆಫ್ ಕೆಲ್ಲರರು ವಿವರ್ತನದ ಕಿರಣಸಿದ್ಧಾಂತದಲ್ಲಿ ಇವಕ್ಕೂ ಸ್ಥಾನವಿತ್ತರು. 1974ರಲ್ಲಿ ಪಾಠಕ್ ಮತ್ತು ಕೂಯೂಮ್ಜಿಯನ್ನರು ಆ ಮಾರ್ಗವನ್ನು ವಕ್ರತಲದಲ್ಲಿ ಕೊರೆದ ಪ್ರಸಾರರಂಧ್ರಗಳಿಗೆ ಅನ್ವಯಿಸಿದರು. ಅದೇ ವರ್ಷ ರಾಬರ್ಟ್ ಮನ್ಸನ್ನರು ಕ್ಷಿಪಣಿಯ ಮೈಗೆ ಸುತ್ತಬಹುದಾದ, ತೆಳುವಾಗಿ ಮುದ್ರಿಸಿದ ಆಂಟೆನಾಗಳನ್ನು ವಿವರಿಸಿ ಲೇಖನವನ್ನು ಪ್ರಕಟಿಸಿದರು.

ಪರಿಧಿಯ ನೂರನೆಯ ಒಂದು ಪಾಲು ಸಮವಾಗಿ ತೋರುವುದರಿಂದ ಭೂಮಿಯು ಚಪ್ಪಟೆಯಾಗಿ ಕಾಣುವುದೆಂದು ಭಾಸ್ಕರಾಚಾರ್ಯನು ಗೋಲಾಧ್ಯಾಯದಲ್ಲಿ ಹೇಳಿರುವನು. ದೊಡ್ಡ ವಕ್ರತಲದ ಮೇಲಣ ಸಣ್ಣ ಆಂಟೆನಾಕ್ಕೂ ಈ ನ್ಯಾಯವು ಸಲ್ಲುವುದು: ನಿಂತ ಎಡೆಯನ್ನು ಸಮತಲವೆಂದೆಣಿಸಿದರೂ ಅದರ ಸ್ವಂತ ಗುಣಗಳು ಬಹುಮಟ್ಟಿಗೆ ಸರಿಯಾಗಿಯೇ ಬರುವುವು. ಆದರೆ ವಿಮಾನದ ಮತ್ತೊಂದು ಮಗ್ಗುಲಿನ ಆಂಟೆನಾಕ್ಕೆ ಅದು ಎಷ್ಟು ಅಡ್ಡಿಯನ್ನುಂಟುಮಾಡುವುದೆಂಬುದು ಸುತ್ತಿಬರುವ ತರಂಗವನ್ನು ಗಣಿಸಿದಲ್ಲದೆ ತಿಳಿಯದು. ಆದುದರಿಂದ 1918ರ ಆ ಗಣಿತವನ್ನು ಈ ವಿದ್ಯೆಯ ಮೂಲಗಳಲ್ಲಿ ಒಂದೆಂದು ಎಣಿಸುವುದು ಯುಕ್ತವಾಗಿದೆ.